ಕಾಗೆಗಳ ಕಂಡಕ್ಟರ್

ತುಮಕೂರಿನ ಕಾಗೆಗಳಿಗೆ ಉದ್ಯೋಗ ಸಿಕ್ಕಿದ ವರ್ಷವೇ ಪ್ರಭಾಮಣಿಯ ಉದ್ಯೋಗ ಹೋಯಿತು.

ಎರಡಕ್ಕೂ ನೇರ ಸಂಬಂಧವೇನಿಲ್ಲ. ನಗರದ ಬಸ್ಸುಗಳು ಅಷ್ಟು ಹೊತ್ತಿಗೆ ಡ್ರೈವರ್ ಇಲ್ಲದೆ ಓಡಾಡಲು ಕಲಿತಿದ್ದವು. ಡ್ರೈವರೇ ಇಲ್ಲದ ಮೇಲೆ ಕಂಡಕ್ಟರ್ ಯಾರ ಜೊತೆ ಹರಟೆ ಹೊಡೆಯಬೇಕು ಎಂದು ಸಾರಿಗೆಯವರು ಯೋಚಿಸಿದರೋ ಏನೋ, ಬಸ್ಸಿನ ಬಾಗಿಲಿಗೆ ಒಂದು ಗಾಜಿನ ಕಣ್ಣು ಕೂರಿಸಿದರು. ಹತ್ತಿದವರ ಮುಖ ನೋಡಿ, ಇಳಿದ ಜಾಗ ನೋಡಿ, ಟಿಕೆಟ್ಟಿನ ಕೆಲಸವನ್ನೆಲ್ಲ ಆ ಕಣ್ಣೇ ಮುಗಿಸುತ್ತಿತ್ತು. ಪ್ರಭಾಮಣಿಗೆ ಒಂದು ಶಾಲು, ಒಂದು ಗಂಧದ ಹಾರ, ತೂಕವೇ ಇಲ್ಲದ ಒಂದು ಗಣಪತಿ ವಿಗ್ರಹ ಕೊಟ್ಟು ಮನೆಗೆ ಕಳಿಸಿದರು. ಪರಿಹಾರವೂ ಬಂತು, ಆ ಮಟ್ಟಿಗೆ ಯಾರನ್ನೂ ದೂರುವಂತಿಲ್ಲ. ಆದರೆ ಕೆಲಸದ ಜೊತೆಗೆ ಆಕೆಯ ಗಂಟಲೂ ಹೋಯಿತು. ಅದಕ್ಕೆ ಪರಿಹಾರ ಕೊಡುವವರು ಯಾರೂ ಇರಲಿಲ್ಲ.

ಆ ಗಂಟಲು ಸಾಮಾನ್ಯದ್ದಲ್ಲ. ಬಸ್ ಸ್ಟ್ಯಾಂಡಿನಲ್ಲಿ ಪ್ರಭಾಮಣಿ "ಶಿರಾಗೇಟ್ ಶಿರಾಗೇಟ್ ಶಿರಾಗೇಟ್" ಎಂದು ಕೂಗಿದರೆ ಗುಬ್ಬಿಗೇಟಿಗೆ ಹೋಗಬೇಕಾದವರೂ ಒಂದು ಸಲ ಎದ್ದು ನಿಲ್ಲುತ್ತಿದ್ದರು. "ಒಳಗ್ ನಡೀರಿ, ಬಾಗ್ಲಲ್ಲೇನ್ ಮನೆ ಕಟ್ಟಿದ್ದೀರಾ" ಎಂದರೆ ದಪ್ಪ ಮೀಸೆಯವರೂ ಸರಸರನೆ ಒಳಗೆ ಸರಿಯುತ್ತಿದ್ದರು. ಅಂಥ ಹೆಂಗಸು ಈಗ ತರಕಾರಿ ಅಂಗಡಿಯಲ್ಲಿ ಎಲ್ಲರ ಹಿಂದೆ ನಿಂತು, ತನ್ನ ಸರದಿ ಬಂದರೂ ಬಾಯಿ ಬಿಡದೆ, ಅಂಗಡಿಯವನು ಕೊಟ್ಟ ಬಾಡಿದ ಹುರುಳಿಕಾಯಿ ತೆಗೆದುಕೊಂಡು ಬರುತ್ತಿದ್ದಳು.

ಕೆಲಸ ಹುಡುಕಲಿಲ್ಲವೆಂದಲ್ಲ. ಬಟ್ಟೆ ಅಂಗಡಿಗೆ ಹೋದಳು, ಆಸ್ಪತ್ರೆಯ ವಿಚಾರಣೆ ಮೇಜಿಗೆ ಹೋದಳು, ಒಂದು ಕಲ್ಯಾಣ ಮಂಟಪದ ಉಗ್ರಾಣ ನೋಡಿಕೊಳ್ಳುವ ಕೆಲಸಕ್ಕೂ ಹೋದಳು. ಎಲ್ಲ ಕಡೆಯೂ ಒಂದೇ ಪ್ರಶ್ನೆ: "ನಿಮ್ಮ ಬಗ್ಗೆ ಒಂದೆರಡು ಮಾತು ಹೇಳಿ." ಅಷ್ಟು ಕೇಳಿದ್ದೇ ತಡ, ಹೇಳಬೇಕೆಂದುಕೊಂಡಿದ್ದೆಲ್ಲ ಮರೆತು, "ನಾನು ಮೊದ್ಲು ಕಂಡಕ್ಟರ್ ಆಗಿದ್ದೆ" ಎಂದು ನೆಲ ನೋಡುತ್ತ ಹೇಳುತ್ತಿದ್ದಳು. ಆಗಿದ್ದೆ ಎನ್ನುವಾಗ ಧ್ವನಿ ನಡುಗುತ್ತಿತ್ತು. ಒಂದು ಕಡೆ ಬೇಡವೆಂದರೆ ಮುಂದಿನ ಕಡೆ ನಡುಕ ಇನ್ನಷ್ಟು ಹೆಚ್ಚಾಗುತ್ತಿತ್ತು. ನಡುಕ ಹೆಚ್ಚಾದಂತೆ ಬೇಡವೆನ್ನುವವರೂ ಹೆಚ್ಚಾದರು.

ಮನೆಯಲ್ಲಿ ಇದರಿಂದ ಬೇರೊಂದು ತೊಂದರೆಯಾಯಿತು. ಅತ್ತೆ ಲಕ್ಕಮ್ಮನಿಗೆ ಕಿವಿ ಮಂದ. ಇಷ್ಟು ವರ್ಷ ಸೊಸೆಯ ಕಂಡಕ್ಟರ್ ಗಂಟಲಿನ ದೆಸೆಯಿಂದ ತನಗೆ ಕಿವಿ ಮಂದವೆಂಬುದೇ ಆಕೆಗೆ ಗೊತ್ತಿರಲಿಲ್ಲ.

"ಅದೇನ್ ಗೊಣಗ್ತೀಯೆ ಪ್ರಭಾ? ಬಾಯಿ ಬಿಟ್ಟು ಹೇಳಬಾರ್ದಾ?"

"ಸಾರಿಗೆ ಉಪ್ಪು ಹಾಕ್ಲಾ ಅಂದೆ ಅತ್ತೆ."

"ಸೊಪ್ಪಾ? ಸೊಪ್ಪು ಯಾರು ತಂದ್ರು?"

ಪ್ರಭಾಮಣಿ ಉಪ್ಪಿನ ಡಬ್ಬಿಯನ್ನೇ ತಂದು ತೋರಿಸುತ್ತಿದ್ದಳು. ಗಂಡ ರಂಗಧಾಮ ಆಟೋಗಳಿಗೆ ಸೀಟ್ ಕವರ್ ಹೊಲಿಯುವವನು, ಮಾತು ಕಮ್ಮಿ. ಅವನಿಗೆ ಹೆಂಡತಿಯ ಗದ್ದಲವಿಲ್ಲದ ಮನೆ ಹಬ್ಬ ಮುಗಿದ ಮನೆಯ ಹಾಗೆ ಕಾಣುತ್ತಿತ್ತು. ಹೇಗೆ ಸಮಾಧಾನ ಹೇಳಬೇಕೋ ತಿಳಿಯದೆ ಒಂದು ದಿನ ಫೋನಿನಲ್ಲಿ ಬಂದಿದ್ದ ಜಾಹೀರಾತನ್ನು ತಂದು ತೋರಿಸಿದ. ಅಮಾನಿಕೆರೆ ದಂಡೆಯ ಕಾಕ ಕೇಂದ್ರಕ್ಕೆ ಕರೆಗಾರರು ಬೇಕಾಗಿದ್ದಾರೆ, ಓದಿನ ನಿರ್ಬಂಧವಿಲ್ಲ ಎಂದಿತ್ತು.

"ಕಾಗೆ ಕರೆಯೋ ಕೆಲ್ಸನಾ?" ಎಂದಳು ಪ್ರಭಾಮಣಿ.

"ಅವು ನಿನ್ ಬಗ್ಗೆ ಎರಡು ಮಾತು ಹೇಳು ಅಂತ ಕೇಳಲ್ವಲ್ಲ" ಎಂದ ರಂಗಧಾಮ.

ಕಾಕ ಕೇಂದ್ರದ ವಿಚಾರ ಇಷ್ಟು. ಕಾಗೆ ಬುದ್ಧಿವಂತ ಪಕ್ಷಿ. ಚರಂಡಿಯಲ್ಲಿ ಬಿದ್ದ ಗುಟ್ಕಾ ಚೀಟಿ, ಬಾಟಲಿ ಮುಚ್ಚಳ, ಬೇಗಡೆ ಚೂರುಗಳನ್ನು ಎತ್ತಿ ತಂದು ಒಂದು ಪೆಟ್ಟಿಗೆಗೆ ಹಾಕಿದರೆ ಕಡಲೆಬೀಜ ಸಿಗುತ್ತದೆಂದು ಕಲಿಸಿದರೆ ಕಲಿಯುತ್ತದೆ. ಮಳೆಗಾಲಕ್ಕೆ ಮುಂಚೆ ಚರಂಡಿಗಳು ಸ್ವಚ್ಛವಾಗುತ್ತವೆ, ಕಾಗೆಗೂ ಹೊಟ್ಟೆ ತುಂಬುತ್ತದೆ. ತೊಡಕಿದ್ದದ್ದು ಕರೆಯುವುದರಲ್ಲಿ. ಕೇಂದ್ರದ ವಿಜ್ಞಾನಿ ಝುಲೇಖಾ ಕಾಗೆಗಳ ಕೂಗನ್ನೆಲ್ಲ ಬಿಡಿಸಿ ಅರ್ಥ ಮಾಡಿಕೊಂಡು, ಅಚ್ಚುಕಟ್ಟಾದ ಕೃತಕ ಕೂಗು ತಯಾರಿಸಿ ಧ್ವನಿವರ್ಧಕದಲ್ಲಿ ಬಿಟ್ಟಿದ್ದಳು. ಕೆಲವು ದಿನ ಕಾಗೆಗಳು ಬಂದವು. ಆಮೇಲೆ ಕೂಗಿನ ಹಿಂದೆ ಮುಖವಿಲ್ಲವೆಂದು ಅವಕ್ಕೆ ಗೊತ್ತಾಯಿತು. ಕಾಗೆ ಮುಖ ನೋಡಿ ನಂಬುವ ಜಾತಿ. ಆದ್ದರಿಂದ ಝುಲೇಖಾ ತುತ್ತೂರಿ ಎಂಬ ಉಪಕರಣ ಮಾಡಿದಳು. ಅದನ್ನು ಕೊರಳಿಗೆ ಕಟ್ಟಿಕೊಂಡು ನಾವು ನಮ್ಮ ಭಾಷೆಯಲ್ಲೇ ಮಾತಾಡಿದರೆ ಸಾಕು. ಅದು ಮಾತಿನ ಅರ್ಥವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಗಂಟಲಿನ ಏರಿಳಿತ, ವೇಗ, ಗಟ್ಟಿತನವನ್ನು ಮಾತ್ರ ಹಿಡಿದು ಅದಕ್ಕೆ ಸರಿಯಾದ ಕಾಗೆಯ ಕೂಗಾಗಿ ಹೊರಡಿಸುತ್ತದೆ.

ಮೊದಲ ದಿನ ಪ್ರಭಾಮಣಿ ಕೇಂದ್ರದ ಮಹಡಿಯ ಮೇಲೆ ತುತ್ತೂರಿ ಕಟ್ಟಿಕೊಂಡು ನಿಂತು, "ಬನ್ನಿ" ಎಂದಳು. ಕೆರೆ ದಂಡೆಯ ಮರಗಳಲ್ಲಿ ಕೂತಿದ್ದ ಕಾಗೆಗಳೆಲ್ಲ ಒಂದೇ ಏಟಿಗೆ ಎದ್ದು ಆಚೆ ದಡಕ್ಕೆ ಹಾರಿಹೋದವು.

"ನಾನೇನ್ ಅಂದೆ ಮೇಡಂ ಅವಕ್ಕೆ?" ಎಂದು ಹೆದರಿ ಕೇಳಿದಳು.

ಝುಲೇಖಾಗೆ ನಗು ತಡೆಯಲಾಗಲಿಲ್ಲ. "ಅಪಾಯ ಇದೆ, ಓಡಿ ಅಂದ್ರಿ ಪ್ರಭಕ್ಕ. ಧ್ವನಿ ನಡುಗಿದ್ರೆ ಕಾಗೆ ಭಾಷೇಲಿ ಅದೇ ಅರ್ಥ. ಬೇಜಾರ್ ಮಾಡ್ಕೋಬೇಡಿ, ನಾನು ಕರೆದ್ರೂ ಹಾರಿಹೋಗ್ತವೆ. ಈ ಕೇಂದ್ರ ನಡೆಸೋ ಮಂಡಳಿಯೋರು ಯಾವಾಗ ಬಾಗ್ಲು ಹಾಕಿಸ್ತಾರೋ ಅನ್ನೋ ಭಯದಲ್ಲಿ ನನ್ ಗಂಟ್ಲೂ ನಡುಗುತ್ತೆ."

"ನಡುಕ ಬಂದಾಗ ಇದನ್ನ ಆರಿಸಿಬಿಟ್ರೆ ಆಗಲ್ವಾ?"

"ಅದಿನ್ನೂ ಕೆಟ್ಟದ್ದು. ಕರೀತಿದ್ದ ಕಾಗೆ ಇದ್ದಕ್ಕಿದ್ದಂಗೆ ಸುಮ್ನಾದ್ರೆ ಸತ್ತೋಯ್ತು ಅಂದ್ಕೊಂಡು ಇನ್ನೂ ದೂರ ಓಡ್ತವೆ."

ಮನುಷ್ಯರಿಂದ ಮುಚ್ಚಿಟ್ಟುಕೊಂಡಿದ್ದ ನಡುಕ ಈಗ ಊರಿನ ಕಾಗೆಗಳಿಗೂ ತಿಳಿದಂತಾಯಿತಲ್ಲ ಎಂದು ಪ್ರಭಾಮಣಿಗೆ ಅವಮಾನವಾಯಿತು. ನಾಳೆಯಿಂದ ಬರುವುದೇ ಬೇಡವೆಂದುಕೊಂಡಳು. ಆದರೂ ಬಂದಳು. ಬೇರೆ ಕಡೆಯವರು ಒಂದೇ ಸಲಕ್ಕೆ ಬಾಗಿಲು ತೋರಿಸಿದ್ದರು, ಇಲ್ಲಿ ನಾಳೆ ಬನ್ನಿ ಎಂದಿದ್ದರು, ಅಷ್ಟೇ ಕಾರಣ.

ಒಂದು ವಾರ ಹೀಗೇ ನಡೆಯಿತು. ಆಕೆ ಕರೆಯುವುದು, ಅವು ಓಡುವುದು. ಧೈರ್ಯವಿದ್ದ ನಾಲ್ಕೈದು ಮಾತ್ರ ಕಡಲೆಬೀಜದ ಆಸೆಗೆ ಉಳಿಯುತ್ತಿದ್ದವು. ಒಂದು ಬೆಳಿಗ್ಗೆ ಆ ನಾಲ್ಕೈದರಲ್ಲೇ ಜಗಳ ಹತ್ತಿತು. ದಪ್ಪ ಕೊಕ್ಕಿನ ಕಾಗೆಯೊಂದು ಪೆಟ್ಟಿಗೆಯ ಬಾಯಿಗೆ ಅಡ್ಡ ನಿಂತು, ತಾನೂ ಚೀಟಿ ಹಾಕದೆ ಬೇರೆಯವಕ್ಕೂ ಬಿಡದೆ ಕತ್ತು ಕೊಂಕಿಸಿಕೊಂಡಿತ್ತು. ಹಿಂದೆ ಒಂದು ಬಡಕಲು ಕಾಗೆ ಬಾಯಲ್ಲಿ ಮುಚ್ಚಳ ಕಚ್ಚಿಕೊಂಡು ಕಾಯುತ್ತಿತ್ತು. ನೋಡಿ ನೋಡಿ ಪ್ರಭಾಮಣಿಗೆ ಮೈ ಉರಿಯಿತು. ತುತ್ತೂರಿ ಇರುವುದೇ ಮರೆತುಹೋಯಿತು.

"ಏಯ್ ದಪ್ಪಣ್ಣ, ಬಾಗ್ಲಲ್ಲೇನ್ ಮನೆ ಕಟ್ಟಿದ್ದೀಯಾ? ಒಳಗ್ ನಡಿ. ಹಿಂದೆ ಇರೋರು ಮನುಷ್ಯರಲ್ವಾ?"

ಮನುಷ್ಯರಂತೂ ಅಲ್ಲ. ಆದರೆ ದಪ್ಪ ಕಾಗೆ ಸಟ್ಟನೆ ಪಕ್ಕಕ್ಕೆ ಸರಿಯಿತು. ಬಡಕಲು ಕಾಗೆ ಮುಂದೆ ಬಂದು ಮುಚ್ಚಳ ಹಾಕಿ ಬೀಜ ತೆಗೆದುಕೊಂಡಿತು. ಆಚೆ ದಡದಿಂದ ಹತ್ತಾರು ಕಾಗೆಗಳು ಇದ್ಯಾರಪ್ಪ ಇಷ್ಟು ಗಟ್ಟಿಗಿತ್ತಿ ಎನ್ನುವಂತೆ ಹಾರಿ ಬಂದು ಮಹಡಿಯ ಕಟ್ಟೆಯ ಮೇಲೆ ಸಾಲಾಗಿ ಕೂತವು. ಒಳಗೆ ಪರದೆ ನೋಡುತ್ತಿದ್ದ ಝುಲೇಖಾ ಚಹಾದ ಲೋಟ ಹಿಡಿದೇ ಮೇಲಕ್ಕೆ ಓಡಿ ಬಂದಳು. ಪ್ರಭಾಮಣಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಗುತ್ತಲೂ ಇದ್ದಳು.

ಅಲ್ಲಿಂದ ಮುಂದೆ ಕೆಲಸ ಹೂವೆತ್ತಿದಂತಾಯಿತು. ಕಾಗೆಗಳು ರಾತ್ರಿ ತಂಗುವ ಬಡಾವಣೆಗಳ ಪ್ರಕಾರ ಗುಂಪು ಗುಂಪಾಗಿ ಬರುತ್ತಿದ್ದವು. ಕಾಲಿಗೆ ಕಟ್ಟಿದ ಸಣ್ಣ ಉಂಗುರಗಳಿಂದ ಯಾವ ಗುಂಪು ಎಲ್ಲಿಯದೆಂದು ಪರದೆಯಲ್ಲಿ ಕಾಣುತ್ತಿತ್ತು. ಪ್ರಭಾಮಣಿ ಒಂದೊಂದು ಗುಂಪನ್ನೂ ಅದರ ಸ್ಟಾಪಿನ ಹೆಸರಿನಿಂದಲೇ ಕೂಗುತ್ತಿದ್ದಳು. ಶಿರಾಗೇಟ್ ಎನ್ನುವುದನ್ನು ಪಟಪಟನೆ, ಕ್ಯಾತ್ಸಂದ್ರ ಎನ್ನುವುದನ್ನು ಉದ್ದಕ್ಕೆ ಎಳೆದು, ಬಟವಾಡಿಯನ್ನು ಕೊನೆಯಲ್ಲಿ ಸ್ವಲ್ಪ ಎತ್ತಿ. ಬಸ್ಸಿನಲ್ಲಿ ಕೂಗಿ ಕೂಗಿ ಬಂದ ರಾಗ. ಹೆಸರಿಟ್ಟು ಕರೆದರೆ ಪ್ರಯೋಗದ ಲೆಕ್ಕ ಕೆಡುತ್ತದೆ, ಬೇಡವೆಂದು ಝುಲೇಖಾ ಬೇಡಿಕೊಂಡಳು. ಸರಿ ಎಂದು ಪ್ರಭಾಮಣಿ ಒಂದು ದಿನ ಸುಮ್ಮನೆ ಬನ್ನಿ ಬನ್ನಿ ಎಂದಳು. ಕಾಗೆಗಳು ಕೂತಲ್ಲೇ ಕೂತು ರೆಕ್ಕೆ ಕೆದರಿಕೊಂಡವು. ಮಾರನೆಯ ದಿನದಿಂದ ಝುಲೇಖಾ ಆ ಮಾತು ಎತ್ತಲಿಲ್ಲ.

ಮನೆಯಲ್ಲೂ ಗದ್ದಲ ಸ್ವಲ್ಪ ಸ್ವಲ್ಪವೇ ವಾಪಸು ಬಂತು. ಬಾಡಿದ ಹುರುಳಿಕಾಯಿ ಅಂಗಡಿಯವನಿಗೇ ಉಳಿಯಿತು. ಲಕ್ಕಮ್ಮ ನೆಂಟರಿಗೆಲ್ಲ ಫೋನು ಮಾಡಿ, ಸೊಸೆಗೆ ಕೆರೆ ಹತ್ತಿರ ಆಫೀಸಿನಲ್ಲಿ ಕೆಲಸವಾಗಿದೆಯೆಂದೂ, ಕೈ ಕೆಳಗೆ ಬಹಳ ಜನ ಇದ್ದಾರೆಂದೂ ಹೇಳಿದಳು. ಯಾವ ಜನ ಎಂದು ಯಾರೂ ಕೇಳದ ಕಾರಣ ಸುಳ್ಳು ಹೇಳುವ ಪ್ರಸಂಗ ಬರಲಿಲ್ಲ.

ಆದರೆ ಕಾಗೆಗಳ ಮುಂದೆ ಹೊರಡುವ ಗಂಟಲು ದೊಡ್ಡ ಮನುಷ್ಯರ ಮುಂದೆ ಹೊರಡುತ್ತಿರಲಿಲ್ಲ. ಕೇಂದ್ರವನ್ನು ನಡೆಸುತ್ತಿದ್ದದ್ದು ಚರಂಡಿ ನಿರ್ಮಲ ಮಂಡಳಿ. ಅದರ ಅಧ್ಯಕ್ಷರು ವೃಷಭೇಂದ್ರಪ್ಪನವರು. ಅವರು ಒಂದು ದಿನ ಹೇಳದೆ ಕೇಳದೆ ಬಂದು ಮಹಡಿ ಹತ್ತಿ, "ಏನಮ್ಮ, ಈ ಕೆಲ್ಸಕ್ಕೆ ನೀನೇ ಯಾಕೆ ಬೇಕು? ನಿನ್ ಬಗ್ಗೆ ಸ್ವಲ್ಪ ಹೇಳು ನೋಡಣ" ಎಂದರು. ಅವರು ಕೇಳಿದ್ದು ಸಲಿಗೆಯಿಂದಲೇ. ಪ್ರಭಾಮಣಿಗೆ ಮಾತ್ರ ಬಟ್ಟೆ ಅಂಗಡಿ, ಆಸ್ಪತ್ರೆ, ಕಲ್ಯಾಣ ಮಂಟಪ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. "ನಾನು ಮೊದ್ಲು" ಎಂದಳು, ಅಷ್ಟೇ. ಕಟ್ಟೆಯ ಮೇಲಿದ್ದ ಕಾಗೆಗಳೆಲ್ಲ ಅಧ್ಯಕ್ಷರ ತಲೆಯ ಮೇಲಿಂದಲೇ ಗಾಬರಿಬಿದ್ದು ಹಾರಿಹೋದವು. ಒಂದು ಅವರ ಬಿಳಿ ಅಂಗಿಯ ಮೇಲೆ ತನ್ನ ಅಭಿಪ್ರಾಯವನ್ನೂ ಬಿಟ್ಟು ಹೋಯಿತು.

ಅಧ್ಯಕ್ಷರು ಅಂಗಿ ಒರೆಸಿಕೊಂಡು ಝುಲೇಖಾಗೆ ಹೇಳಿದರು: "ಇನ್ನೊಂದು ಅವಕಾಶ ಕೊಡ್ತೀನಿ. ರಜಾ ದಿನ ಇಟ್ಕೊಳ್ಳಿ, ರೋಡಲ್ಲಿ ಗಲಾಟೆ ಇರಲ್ಲ. ಅವತ್ತು ನನ್ ಮುಂದೆ ಇವು ಕೆಲ್ಸ ಮಾಡಿದ್ರೆ ಕೇಂದ್ರಾನೂ ಕಾಯಂ, ಈಯಮ್ಮನೂ ಕಾಯಂ. ಇಲ್ದಿದ್ರೆ ಬೀಗ." ಪಂಚಾಂಗ ನೋಡಿದರು. ಹತ್ತಿರದ ರಜೆ ಮಹಾಲಯ ಅಮಾವಾಸ್ಯೆ. ಅದನ್ನೇ ಗೊತ್ತು ಮಾಡಿದರು.

ಮಹಾಲಯ ಅಮಾವಾಸ್ಯೆ ಎಂದರೇನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹಿರಿಯರ ಹಬ್ಬ. ತೀರಿಕೊಂಡ ಹಿರಿಯರಿಗೆ ಎಡೆ ಇಟ್ಟು, ಒಂದೆಲೆಯನ್ನು ಮಹಡಿಯ ಮೇಲಿಟ್ಟು, ಹಿರಿಯರು ಕಾಗೆಯಾಗಿ ಬಂದು ಎಡೆ ಮುಟ್ಟಿದ ಮೇಲೆಯೇ ಮನೆಯವರು ಊಟಕ್ಕೆ ಕೂರಬೇಕು. ವೃಷಭೇಂದ್ರಪ್ಪನವರ ಮನೆಯಲ್ಲೂ ಇದೇ, ಪ್ರಭಾಮಣಿಯ ಮನೆಯಲ್ಲೂ ಇದೇ. ಆದರೆ ಆಫೀಸಿನ ಕಾಗೆಯೂ ಹಬ್ಬದ ಕಾಗೆಯೂ ಒಂದೇ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಆಫೀಸನ್ನೂ ಮನೆಯನ್ನೂ ಬೇರೆ ಬೇರೆ ಇಡಬೇಕೆಂದು ಎಲ್ಲರೂ ಚಿಕ್ಕಂದಿನಿಂದ ಕಲಿತವರಲ್ಲವೇ.

ಅಮಾವಾಸ್ಯೆಯ ಬೆಳಿಗ್ಗೆ ಪ್ರಭಾಮಣಿ ವಡೆಗೆ ಬೇಳೆ ರುಬ್ಬಿಟ್ಟು, ಉಳಿದದ್ದನ್ನು ಅತ್ತೆಗೆ ಒಪ್ಪಿಸಿ ಕೇಂದ್ರಕ್ಕೆ ಬಂದಳು. ಒಂದೊಂದೇ ಸ್ಟಾಪಿನ ಹೆಸರು ಹಿಡಿದು ಕೂಗಿದಳು. ಊರಿನ ಕಾಗೆಗಳೆಲ್ಲ ಬಂದು ಮಹಡಿ, ಕಟ್ಟೆ, ಮರ, ತಂತಿ ಎಲ್ಲ ಕಡೆ ಕಪ್ಪಗೆ ತುಂಬಿಕೊಂಡವು. ಅಧ್ಯಕ್ಷರು ಬರಬೇಕಾದ ಹೊತ್ತು ಮೀರಿತು. ಅಧ್ಯಕ್ಷರಾದವರು ಹೊತ್ತಿಗೆ ಸರಿಯಾಗಿ ಬರುವ ವಾಡಿಕೆ ಎಲ್ಲಿದೆ? "ಇರ್ರಪ್ಪ, ಈಗ ಹೊರಡುತ್ತೆ, ಈಗ ಹೊರಡುತ್ತೆ" ಎಂದು ಬಸ್ಸು ತಡವಾದಾಗ ಹೇಳುತ್ತಿದ್ದ ಮಾತನ್ನೇ ಹೇಳಿಕೊಂಡು ಅವನ್ನು ಹಿಡಿದಿಟ್ಟಿದ್ದಳು. ಅವು ಆಕೆಯನ್ನು ನಂಬಿ ಕೂತಿದ್ದವು.

ಮಧ್ಯಾಹ್ನವಾಗುತ್ತಿದ್ದಂತೆ ಗೇಟಿನ ಹತ್ತಿರ ಜನ ಸೇರತೊಡಗಿದರು. ಕೆಲವರ ಕೈಯಲ್ಲಿ ಎಲೆಯೇ ಇತ್ತು, ಅದರ ಮೇಲೆ ವಡೆ, ಕಜ್ಜಾಯ, ಕುಂಬಳಕಾಯಿ ಪಲ್ಯ. ಪಂಚೆ ಉಟ್ಟ ಮುದುಕರೊಬ್ಬರು ಮಹಡಿ ಕಡೆ ಕತ್ತೆತ್ತಿ ಕೂಗಿದರು: "ಅಮ್ಮ ತಾಯಿ, ಮನೇಲಿ ಮಕ್ಳುಮರಿ ಹಸ್ಕಂಡ್ ಕೂತವೆ. ಬೀದಿಲಿ ಒಂದು ಕಾಗೆ ಇಲ್ಲ. ಒಂದನ್ನಾದ್ರೂ ಕಳ್ಸಿಕೊಡವ್ವ."

ಆಗ ಪ್ರಭಾಮಣಿಗೆ ಹೊಳೆಯಿತು. ಇಡೀ ಊರು ಎಲೆ ಹಾಕಿಕೊಂಡು ಹಸಿದು ಕೂತಿದೆ, ಊರಿನ ಹಿರಿಯರನ್ನೆಲ್ಲ ತಾನು ಇಲ್ಲಿ ಕೂಡಿಹಾಕಿಕೊಂಡಿದ್ದೇನೆ. ಅದೇ ಹೊತ್ತಿಗೆ ಅಧ್ಯಕ್ಷರ ಕಾರು ಜನರನ್ನು ಸರಿಸಿಕೊಂಡು ಬಂತು. ವೃಷಭೇಂದ್ರಪ್ಪನವರು ಮೆಟ್ಟಿಲು ಹತ್ತಿ ಬೆವರೊರೆಸಿಕೊಂಡರು.

"ಏನ್ ಜನ ಇದು? ಸರಿ ಸರಿ, ಶುರು ಮಾಡಮ್ಮ. ಒಂದರ್ಧ ಗಂಟೆ ನೋಡಿ ಹೋಗ್ತೀನಿ."

ತುತ್ತೂರಿ ಕೊರಳಲ್ಲಿತ್ತು. ಆರಿಸುವಂತಿಲ್ಲ. ಅಧ್ಯಕ್ಷರಿಗೆ ಹ್ಞೂಂ ಎಂದರೆ ಊರು ಇನ್ನೂ ಹಸಿದಿರಬೇಕು. ಇಲ್ಲ ಎಂದರೆ ಕೆಲಸ ಹೋಗಬಹುದು. ಇಲ್ಲ ಎನ್ನುವಾಗ ಧ್ವನಿ ಒಂದಿಷ್ಟು ನಡುಗಿದರೂ ಸಾಕು, ಇಷ್ಟೂ ಕಾಗೆಗಳು ದಿಕ್ಕಾಪಾಲಾಗಿ ಊರಾಚೆಗೆ ಹಾರುತ್ತವೆ, ಸಂಜೆಯವರೆಗೂ ಒಂದೂ ಸಿಕ್ಕುವುದಿಲ್ಲ. ಝುಲೇಖಾ ಆಕೆಯ ಮುಖ ನೋಡಿ, ಕೇಂದ್ರ ಮುಚ್ಚಿದರೆ ತನ್ನ ಗತಿಯೂ ಅಷ್ಟೇ ಎಂದು ಗೊತ್ತಿದ್ದೂ, ಮೆಲ್ಲಗೆ ಹೇಳಿದಳು: "ಪ್ರಭಕ್ಕ, ನಿಮ್ಗೆ ಸರಿ ಕಂಡಿದ್ದು ಮಾಡಿ. ನಾನ್ ಇದೀನಿ."

ಪ್ರಭಾಮಣಿ ಅಧ್ಯಕ್ಷರನ್ನು ನೋಡಿದಳು. ಬೆವರಿದ್ದ, ದಣಿದಿದ್ದ ಒಬ್ಬ ಮನುಷ್ಯ. ಇಂಥವರನ್ನು ತಾನು ಎಷ್ಟು ಸಾವಿರ ಸಲ ಒಳಗೆ ಸರಿಸಿ ಸೀಟು ಕೊಡಿಸಿಲ್ಲ?

"ಆಗಲ್ಲ ಸರ್" ಎಂದಳು. ಧ್ವನಿ ಅಲುಗಲಿಲ್ಲ. "ಮೊದ್ಲು ಊರು ಉಣ್ಣಲಿ. ನೀವೂ ಉಂಡಿಲ್ಲ ಅಂತ ಕಾಣುತ್ತೆ. ಸ್ವಲ್ಪ ಪಕ್ಕಕ್ಕೆ ಬನ್ನಿ, ದಾರಿಗೆ ಅಡ್ಡ ನಿಂತಿದ್ದೀರಿ."

ಅಧ್ಯಕ್ಷರು ತಾವೇಕೆ ಸರಿಯುತ್ತಿದ್ದೇವೆಂದು ತಿಳಿಯುವ ಮುಂಚೆಯೇ ಪಕ್ಕಕ್ಕೆ ಸರಿದಿದ್ದರು. ಒಂದು ಕಾಗೆಯೂ ಹಾರಿರಲಿಲ್ಲ.

ಪ್ರಭಾಮಣಿ ಕಟ್ಟೆಯ ಹತ್ತಿರ ಹೋಗಿ ಎದೆ ತುಂಬ ಉಸಿರು ತೆಗೆದುಕೊಂಡಳು. "ಶಿರಾಗೇಟ್ ಶಿರಾಗೇಟ್ ಶಿರಾಗೇಟ್, ಹೊರಡ್ರಿ. ಕ್ಯಾತ್ಸಂದ್ರಾ, ನಡೀರಿ, ಮನೆ ಮನೆಗೂ ಒಬ್ಬೊಬ್ರು. ಗುಬ್ಬಿಗೇಟ್, ತಳ್ಳಾಡ್ಬೇಡ್ರಿ. ಬಟವಾಡಿ, ಏ ದಪ್ಪಣ್ಣ, ನೀನೂ ಎದ್ದೇಳು." ಒಂದು ಹೆಸರಿಗೆ ಒಂದು ಗುಂಪು ಏಳುತ್ತಿತ್ತು. ಒಂದು ಸುತ್ತು ಹಾಕಿ ತನ್ನ ಬಡಾವಣೆಯ ದಿಕ್ಕಿಗೆ ಹೊರಡುತ್ತಿತ್ತು. ಗೇಟಿನ ಹತ್ತಿರದ ಜನ ಕೇಕೆ ಹಾಕಿ, ಎಲೆ ಹಿಡಿದುಕೊಂಡು ಮನೆಗಳತ್ತ ಓಡಿದರು. ಪಂಚೆಯ ಮುದುಕರು ಓಡಲಾರದೆ ಬಿರುಸಾಗಿ ನಡೆದರು.

ಝುಲೇಖಾ ಅಧ್ಯಕ್ಷರನ್ನು ಕರೆದುಕೊಂಡು ಕೆಳಗಿನ ನಿಯಂತ್ರಣ ಕೊಠಡಿಗೆ ಓಡಿದಳು. ಅಲ್ಲಿನ ಪರದೆಯಲ್ಲಿ ಕಾಗೆಗಳ ಉಂಗುರದ ಚುಕ್ಕೆಗಳು ಊರಿನ ನಕಾಶೆಯ ತುಂಬ ಹರಡಿಕೊಂಡವು. ಝುಲೇಖಾ ಕೂತಿದ್ದ ಕುರ್ಚಿಯಿಂದ ಎದ್ದು ನಿಂತಳು. ಹಿಂದೆ ನಿಂತಿದ್ದ ಅಧ್ಯಕ್ಷರೂ ಬಗ್ಗಿ ನೋಡಿದರು.

"ಇವು ಇಲ್ಲಿಗೆ ಬರ್ತವೆ ಅಂತ ಮಾತ್ರ ಹೇಳಿದ್ರಿ. ಹೇಳಿದ್ ಕಡೆಗೆ ಹೋಗ್ತವೆ ಅಂತ ಹೇಳ್ಲೇ ಇಲ್ವಲ್ಲ."

"ನಮ್ಗೂ ಈಗ್ಲೇ ಗೊತ್ತಾಗಿದ್ದು ಸರ್. ಇನ್ಮೇಲೆ ಯಾವ ಬೀದಿ ಚರಂಡಿ ಕಟ್ಟಿದ್ರೆ ಆ ಬೀದಿಗೇ ಕಳಿಸ್ಬಹುದು" ಎಂದಳು ಝುಲೇಖಾ. ಸಂತೋಷಕ್ಕೆ ಆಕೆಯ ಮಾತು ತೊದಲುತ್ತಿತ್ತು. "ಅವಕ್ಕೆ ಅಕ್ಕ ಹೆಸರಿಟ್ಟಿದ್ರು. ನಾನು ಬೇಡ ಅಂದಿದ್ದೆ."

ಅಷ್ಟರಲ್ಲಿ ಪ್ರಭಾಮಣಿ ಇಳಿದು ಬಂದಳು. ವೃಷಭೇಂದ್ರಪ್ಪನವರು ಗಲ್ಲ ಕೆರೆದುಕೊಂಡು, "ನಾಳೆಯಿಂದ ಕಾಯಂ ಕಣಮ್ಮ. ಇನ್ನೂ ಇಬ್ರನ್ನ ಕೊಡ್ತೀವಿ, ಅವ್ರಿಗೂ ಕಲ್ಸು" ಎಂದರು.

"ಕಲಿಸ್ತೀನಿ ಸರ್. ಒಂದು ಮಾತು. ಈ ಅಮಾವಾಸ್ಯೆ ದಿನ ಕಾಗೆಗಳಿಗೆ ರಜೆ ಬೇಕು. ನನ್ಗೂ ಬೇಕು. ಒಪ್ಪಿದ್ರೆ ಬರ್ತೀನಿ."

ಕೇಳಿದ ಮೇಲೆ ಆಕೆಗೇ ಆಶ್ಚರ್ಯವಾಯಿತು. ಕೆಲಸ ಕೊಡುವವರ ಮುಂದೆ ಷರತ್ತು ಹಾಕಿದ್ದು ಜೀವಮಾನದಲ್ಲಿ ಇದೇ ಮೊದಲು. ಅಧ್ಯಕ್ಷರು ಒಪ್ಪಿಕೊಂಡು, ತಮ್ಮ ಮನೆಯ ಎಡೆ ನೆನಪಾಗಿ ಅವಸರದಲ್ಲಿ ಕಾರು ಹತ್ತಿದರು.

ಪ್ರಭಾಮಣಿ ತುತ್ತೂರಿಯನ್ನು ಕೇಂದ್ರದಲ್ಲೇ ಬಿಚ್ಚಿಟ್ಟು, ಕುಣಿಯುವುದೊಂದು ಬಾಕಿ ಎನ್ನುವಂತೆ ಉಪ್ಪಾರಹಳ್ಳಿಯ ಮನೆಗೆ ಬಂದಳು. ಮನೆಯಲ್ಲಿ ಊಟದ ಸದ್ದೇ ಇಲ್ಲ. ರಂಗಧಾಮ ಗೋಡೆಗೆ ಒರಗಿ ಕೂತಿದ್ದ. ಮಹಡಿಯ ಮೇಲೆ ಲಕ್ಕಮ್ಮ ಎಲೆಯ ಪಕ್ಕದಲ್ಲಿ ಕೊಡೆ ಹಿಡಿದು ಕೂತಿದ್ದಳು. ವಡೆ ಆರಿ ಗಟ್ಟಿಯಾಗಿತ್ತು.

"ಬೇರೆ ಬಡಾವಣೆಗೆಲ್ಲ ಬಂದ್ವಂತೆ ಕಣೆ. ನಿಮ್ ಮಾವ ಮಾತ್ರ ಬರ್ಲಿಲ್ಲ."

ಪ್ರಭಾಮಣಿ ಹಣೆ ಚಚ್ಚಿಕೊಂಡಳು. ಊರಿನ ಸ್ಟಾಪುಗಳನ್ನೆಲ್ಲ ಕೂಗಿ, ತನ್ನದನ್ನೇ ಮರೆತಿದ್ದಳು. ಕಂಡಕ್ಟರಿಗೆ ತನ್ನ ಸ್ಟಾಪಿನಲ್ಲಿ ಇಳಿದು ಅಭ್ಯಾಸವಿದ್ದರಲ್ಲವೇ. ಉಪ್ಪಾರಹಳ್ಳಿಯ ಗುಂಪು ಇನ್ನೂ ಕೆರೆಯ ಕಡೆಯೇ ಕಾದಿರಬೇಕು. ತುತ್ತೂರಿಯೂ ಕೈಯಲ್ಲಿಲ್ಲ.

ಇಲ್ಲದಿದ್ದರೆ ಇಲ್ಲ ಎಂದುಕೊಂಡು ಮಹಡಿಯ ಅಂಚಿಗೆ ಹೋದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ತನ್ನ ಸ್ವಂತ ಗಂಟಲಿನಲ್ಲಿ, "ಉಪ್ಪಾರಳ್ಳೀ, ಉಪ್ಪಾರಳ್ಳೀ, ಬನ್ರೋ" ಎಂದು ಕೂಗಿದಳು. ಬೀದಿಯ ನಾಯಿಗಳು ಎದ್ದು ನಿಂತವು. ಎದುರು ಮನೆಯವರೂ ಖಾಲಿ ಎಲೆ ಬಿಟ್ಟು ಕಿಟಕಿಗೆ ಬಂದರು. ಇನ್ನೊಂದು ಸಲ ಕೂಗಿದಳು. ಕೂಗುವುದೇ ಎಷ್ಟು ಸುಖವಾಗಿತ್ತೆಂದರೆ, ಕಾಗೆ ಬಾರದಿದ್ದರೂ ಮೂರನೆಯ ಸಲ ಕೂಗಬೇಕೆನಿಸಿತು.

ಕೆರೆಯ ದಿಕ್ಕಿನಿಂದ ಒಂದು ಕಪ್ಪು ಚುಕ್ಕೆ ಬಂತು, ಹಿಂದೆ ಇನ್ನೊಂದು, ಅದರ ಹಿಂದೆ ಒಂದು ಹಿಂಡು. ಮೊದಲನೆಯದು ಎಲೆಯ ಮೇಲೆ ಇಳಿದು, ಲಕ್ಕಮ್ಮನ ಮುಖ ನೋಡಿ, ಗಟ್ಟಿ ವಡೆಯನ್ನು ಕುಟುಕಿ ಎತ್ತಿಕೊಂಡಿತು.

ಲಕ್ಕಮ್ಮ ಕೈ ಮುಗಿದಳು. ಆಮೇಲೆ ಸೊಸೆಯ ಕಡೆ ತಿರುಗಿ ಕಿವಿ ಉಜ್ಜಿಕೊಂಡಳು. "ಮೆಲ್ಲಗೆ ಕರಿಯೇ ತಾಯಿ. ನನ್ಗೇನ್ ಕಿವಿ ಕೇಳಲ್ವಾ?"

ಪ್ರಭಾಮಣಿ ಜೋರಾಗಿ ನಕ್ಕಳು. ರಂಗಧಾಮ ಕೆಳಗೆ ಎಲೆ ಹಾಕತೊಡಗಿದ.